ಬನಾವೆಯ ಗದ್ದೆಗಳ ನಡುವೆ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಆಗ್ರಹಪಡಿಸಿದಾಗ, ಶಾಲೆಯ ದಿನಗಳ ನೆನಪುಗಳನ್ನೇ ನಾಲ್ಕು ಪುಟ ಬರೆದು ಕಳುಹಿಸಿದರಾಯಿತೆಂದು ಮೊದಲು ಭಾವಿಸಿದ್ದೆನು. ಬೆಳಗಿನ ಜಾವದ ಸಾಮೂಹಿಕ ಪ್ರಾರ್ಥನೆ, ಪ್ರಸಾದ ನಿಲಯದ ಸಾಲುಪಂಕ್ತಿ, ಸುಗ್ಗಿಯ ಕಾಲದಲ್ಲಿ ಹಳ್ಳಿ ಹಳ್ಳಿಗಳಿಂದ ಶ್ರೀಮಠಕ್ಕೆ ಬರುತ್ತಿದ್ದ ದವಸದ ಚಕ್ಕಡಿಗಳು, ಇವೆಲ್ಲವೂ ಕಣ್ಣ ಮುಂದೆ ಕಟ್ಟಿದಂತಿವೆ. ಆದರೆ ಅವನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ನಾನು ಕಡಲಾಚೆಯ ಒಂದು ಗುಡ್ಡಗಾಡಿನ ಊರಿನ ವಿಷಯವನ್ನು ಇಲ್ಲಿ ಹೇಳಬಯಸುತ್ತೇನೆ. ಆ ಊರಿಗೂ ನಮ್ಮ ಶಾಲೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಲೇಖನದ ಕೊನೆಯಲ್ಲಿ ಅದು ತಾನಾಗಿಯೇ ತಿಳಿಯುವುದೆಂದು ನಂಬಿದ್ದೇನೆ.

1987ನೆಯ ಇಸವಿಯಲ್ಲಿ ನಾನು ಭತ್ತದ ಬೇಸಾಯದ ತರಬೇತಿಗಾಗಿ ಫಿಲಿಪೈನ್ಸ್ ದೇಶಕ್ಕೆ ಹೋಗುವ ಸುಯೋಗವೊದಗಿತು. ಆ ದೇಶದ ರಾಜಧಾನಿ ಮನಿಲಾದ ದಕ್ಷಿಣಕ್ಕೆ ಲಾಸ್ ಬಾನ್ಯೋಸ್ ಎಂಬ ಊರಿದೆ. ಅಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿದೆ. ನಮ್ಮ ರೈತರ ಬಾಯಲ್ಲಿ ಮನೆಮಾತಾದ ಐ.ಆರ್. 8 ಎಂಬ ತಳಿ 1966ರಲ್ಲಿ ಬಿಡುಗಡೆಯಾದದ್ದು ಅಲ್ಲಿಂದಲೇ. ನಾನು ಹೋದಾಗ ನಮ್ಮವರೇ ಆದ ಡಾ. ಎಂ. ಎಸ್. ಸ್ವಾಮಿನಾಥನ್ ಅವರು ಅದರ ಮಹಾನಿರ್ದೇಶಕರಾಗಿದ್ದರು. ಕೆರೆಯ ಕೆಳಗಿನ ಗದ್ದೆಯಲ್ಲಿ ಆಡಿ ಬೆಳೆದ ನನಗೆ, ನಮ್ಮ ತಂದೆಯವರು ಗಂಧಸಾಲೆಯನ್ನು ಬಿಟ್ಟು ಮೊದಲ ಬಾರಿಗೆ ಐ.ಆರ್. 8 ಬಿತ್ತಿದ ವರ್ಷ ಚೆನ್ನಾಗಿ ನೆನಪಿತ್ತು. ಆ ಬೀಜ ಹುಟ್ಟಿದ ನೆಲವನ್ನು ಕಂಡೆನೆಂಬ ಹೆಮ್ಮೆಯಿಂದ ಆ ದಿನಗಳಲ್ಲಿ ನಾನು ಬೀಗಿದ್ದುಂಟು.

ನಮ್ಮ ತಂಡದಲ್ಲಿ ಆ ದೇಶದ ಉತ್ತರದ ಪರ್ವತ ಪ್ರಾಂತದಿಂದ ಬಂದ ಒಬ್ಬ ತರುಣನಿದ್ದನು. ಆತ ಇಫುಗಾವೊ ಜನಾಂಗದವನು. ಒಂದು ದಿನ ನನ್ನ ಉತ್ಸಾಹದ ಮಾತುಗಳನ್ನೆಲ್ಲ ಕೇಳಿ, "ನೀವು ಹೇಳುವ ಈ ತಳಿ ನಮ್ಮ ಊರಿನಲ್ಲಿ ಬೆಳೆಯುವುದಿಲ್ಲ, ಚಳಿಗೆ ಸೊರಗುತ್ತದೆ. ಬನ್ನಿ, ನಮ್ಮ ಭತ್ತವನ್ನು ತೋರಿಸುತ್ತೇನೆ" ಎಂದು ನಗುತ್ತ ಕರೆದನು. ಹೀಗೆ ಜುಲೈ ತಿಂಗಳಿನಲ್ಲಿ ಮೂರು ನಾಲ್ಕು ದಿನಗಳ ಬಿಡುವು ದೊರೆತಾಗ ನಾವಿಬ್ಬರೂ ಬನಾವೆಗೆ ಹೊರಟೆವು.

ಬನಾವೆಯು ಮನಿಲಾದಿಂದ ಉತ್ತರಕ್ಕೆ ಸುಮಾರು 350 ಕಿಲೋಮೀಟರು ದೂರದಲ್ಲಿದೆ. ರಾತ್ರಿ ಬಸ್ಸು ಹತ್ತಿದರೆ ಬಯಲು ಸೀಮೆಯ ವಿಶಾಲವಾದ ಭತ್ತದ ಗದ್ದೆಗಳನ್ನು ಕತ್ತಲೆಯಲ್ಲಿಯೇ ದಾಟಿ, ಘಟ್ಟವನ್ನೇರಿ, ಬಗಾಬಾಗ್ ಮತ್ತು ಲಗಾವೆ ಎಂಬ ಊರುಗಳ ಮೂಲಕ ಬೆಳಗಿನ ಹೊತ್ತಿಗೆ ಬನಾವೆಯನ್ನು ಸೇರುವುದು. ಮಳೆಗಾಲವಾದ್ದರಿಂದ ಗುಡ್ಡ ಕುಸಿದು ರಸ್ತೆಗೆ ಬಿದ್ದಿದ್ದ ಮಣ್ಣನ್ನು ಎರಡು ಕಡೆ ಸರಿಸಬೇಕಾಯಿತು. ಮಂಜು ಹರಿದಂತೆ ಎದುರಿಗೆ ಕಂಡ ದೃಶ್ಯವನ್ನು ಬಣ್ಣಿಸುವುದು ಸುಲಭವಲ್ಲ. ಕಣಿವೆಯ ತಳದಿಂದ ಮೋಡದವರೆಗೆ ಇಡೀ ಬೆಟ್ಟವನ್ನು ಯಾರೋ ಮೆಟ್ಟಿಲು ಮೆಟ್ಟಿಲಾಗಿ ಕಡೆದಿದ್ದಾರೆ. ಪ್ರತಿ ಮೆಟ್ಟಿಲೂ ಒಂದು ಗದ್ದೆ. ಕೆಲವು ನಮ್ಮ ಮನೆಯ ಜಗಲಿಗಿಂತ ಅಗಲವಿಲ್ಲ. ಒಂದರ ಗೋಡೆ ಮತ್ತೊಂದರ ಬುಡ. ಭತ್ತ ಹಣ್ಣಾಗಿ ಎಲ್ಲವೂ ಹೊಂಬಣ್ಣಕ್ಕೆ ತಿರುಗಿದ್ದವು.

ಇಫುಗಾವೊ ಎಂಬ ಮಾತಿಗೆ ಗುಡ್ಡದವರು ಎಂದೇ ಅರ್ಥವೆಂದು ನನ್ನ ಮಿತ್ರನು ಹೇಳಿದನು. ಸ್ಪೇನ್ ದೇಶದವರು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಆ ದ್ವೀಪಗಳನ್ನು ಆಳಿದರೂ ಈ ಪರ್ವತದ ಜನರನ್ನು ಪೂರ್ಣವಾಗಿ ಅಧೀನಪಡಿಸಿಕೊಳ್ಳಲಾರದೆ ಹೋದರು. ಅಮೆರಿಕನ್ನರ ಆಳ್ವಿಕೆಯ ಕಾಲದಲ್ಲಿಯೇ ಶಾಲೆ, ರಸ್ತೆ, ಚರ್ಚುಗಳು ಇಲ್ಲಿ ನೆಲೆಗೊಂಡವು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಸೇನಾಪತಿ ಯಮಾಶಿತಾ ಇದೇ ಪ್ರಾಂತದ ಬೆಟ್ಟಗಳಲ್ಲಿ ಅಡಗಿದ್ದು, 1945ರ ಸೆಪ್ಟೆಂಬರ್ 2ರಂದು ನೆರೆಯ ಕಿಯಾಂಗನ್‌ನಲ್ಲಿ ಶರಣಾಗತನಾದನು. 1966ರಲ್ಲಿ ಇಫುಗಾವೊ ಪ್ರತ್ಯೇಕ ಪ್ರಾಂತವಾಯಿತು. ಲಗಾವೆ ಅದರ ರಾಜಧಾನಿ.

ಆ ದೇಶದ 'ಮುನಿಸಿಪಾಲಿಟಿ' ಎಂಬುದನ್ನು ನಮ್ಮ ಪುರಸಭೆಯೆಂದು ತಿಳಿಯಬಾರದು. ಅದು ಪೇಟೆಯನ್ನೂ ಸುತ್ತಲಿನ ಹಳ್ಳಿಗಳನ್ನೂ ಕೂಡಿಕೊಂಡ ಒಂದು ಆಡಳಿತ ವಿಭಾಗ. ನಮ್ಮ ಹೋಬಳಿಗೆ ಹೋಲಿಸಬಹುದು. ಬನಾವೆಯಲ್ಲಿ 18 ಹಳ್ಳಿಗಳಿವೆ, ಜನಸಂಖ್ಯೆ ಸುಮಾರು 20 ಸಾವಿರ. ಹಳ್ಳಿಗೆ ಅವರು 'ಬರಂಗಾಯ್' ಎನ್ನುವರು. ದ್ವೀಪದಿಂದ ದ್ವೀಪಕ್ಕೆ ಬಂಧುಬಳಗವನ್ನು ಹೊತ್ತು ತಂದ ದೋಣಿಯ ಹೆಸರೇ ಹಳ್ಳಿಗೆ ನಿಂತಿದೆಯಂತೆ. 1991ರ ಸ್ಥಳೀಯ ಸರ್ಕಾರಗಳ ಕಾಯಿದೆಯ ಪ್ರಕಾರ ಮುನಿಸಿಪಾಲಿಟಿಗೆ ಮೂರು ವರ್ಷಗಳ ಅವಧಿಗೆ ಒಬ್ಬ ಮೇಯರ್, ಒಬ್ಬ ಉಪಮೇಯರ್, ಎಂಟು ಜನ ಸದಸ್ಯರು ಚುನಾಯಿತರಾಗುತ್ತಾರೆ. ಪ್ರತಿ ಹಳ್ಳಿಗೂ ಒಬ್ಬ ಮುಖ್ಯಸ್ಥ ಮತ್ತು ಏಳು ಜನ ಸದಸ್ಯರು. ನೆರೆಹೊರೆಯ ಜಗಳಗಳು ನ್ಯಾಯಾಲಯದ ಮೆಟ್ಟಿಲೇರುವ ಮೊದಲು ಹಳ್ಳಿಯ ಹಿರಿಯರ ರಾಜಿ ಸಮಿತಿಯ ಮುಂದೆ ಬರಬೇಕೆಂಬ ಕಟ್ಟಳೆ 1978ರಿಂದಲೂ ಇದೆ. ನಾನು ಅಲ್ಲಿಗೆ ಹೋದ ವರ್ಷವೇ ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯತಿಗಳ ಪ್ರಥಮ ಚುನಾವಣೆಗಳು ನಡೆದಿದ್ದುದರಿಂದ ಈ ವಿಷಯವನ್ನು ಕೆದಕಿ ಕೆದಕಿ ಕೇಳಿದ್ದೆನು. ಆದರೆ ಗದ್ದೆಯ ನೀರಿನ ವಿಷಯದಲ್ಲಿ ಸರ್ಕಾರದ ಕಾಯಿದೆಗಿಂತ ಹಿರಿಯರ ಕಟ್ಟಳೆಯೇ ಹೆಚ್ಚು ನಡೆಯುವುದೆಂದು ಅಲ್ಲಿ ತಿಳಿಯಿತು. ರಾಯ್ ಬಾರ್ಟನ್ ಎಂಬ ಅಮೆರಿಕನ್ ಶಿಕ್ಷಕನು ಈ ಜನರ ನಡುವೆ ಬಾಳಿ, ಅವರ ಕಟ್ಟಳೆಗಳನ್ನೆಲ್ಲ ಸಂಗ್ರಹಿಸಿ 1919ರಲ್ಲಿಯೇ ಗ್ರಂಥವಾಗಿ ಪ್ರಕಟಿಸಿರುವನು. ಅರಸರಿಲ್ಲದ, ಬರವಣಿಗೆಯಿಲ್ಲದ ಜನರಲ್ಲಿ ಅಷ್ಟು ಸೂಕ್ಷ್ಮವಾದ ನ್ಯಾಯಪದ್ಧತಿಯಿದ್ದುದು ವಿದ್ವಾಂಸರನ್ನು ಬೆರಗುಗೊಳಿಸಿತು.

ಪೇಟೆಯೆಂದರೆ ಒಂದು ಮಾರುಕಟ್ಟೆ, ಚರ್ಚು, ಶಾಲೆ, ಆಡಳಿತ ಕಚೇರಿ, ಇಳಿಜಾರಿನಲ್ಲಿ ಕಾಲೂರಿ ನಿಂತ ತಗಡಿನ ಛಾವಣಿಯ ಅಂಗಡಿಗಳು. ಜೀಪ್ನಿ ಎಂಬ ಬಣ್ಣದ ಗಾಡಿಯ ಒಳಗೆ ಎಷ್ಟು ಜನರೋ ಮೇಲೆಯೂ ಅಷ್ಟೇ ಜನ. ಅವರ ಮಡಿಲಲ್ಲಿ ಕೋಳಿ, ತರಕಾರಿ, ಅಕ್ಕಿಯ ಚೀಲ. ನನ್ನನ್ನು ಮೊದಲು ಆಕರ್ಷಿಸಿದ್ದು ಜನರ ಕೆಂಪಾದ ತುಟಿಗಳು. ಅಡಿಕೆ, ವೀಳ್ಯದೆಲೆ, ಸುಣ್ಣ ಇವನ್ನು ಅವರು 'ಮೊಮಾ' ಎನ್ನುತ್ತಾರೆ. ಅತಿಥಿ ಬಂದರೂ ಮೊಮಾ, ಮಾತುಕತೆಗೆ ಕುಳಿತರೂ ಮೊಮಾ. ನನ್ನ ಮಿತ್ರನ ತಂದೆ ತಮ್ಮ ಸಂಚಿಯನ್ನು ಬಿಚ್ಚಿ ನನ್ನ ಮುಂದೆ ಹಿಡಿದಾಗ, ನಾನು ಎಲೆಯ ಬೆನ್ನಿಗೆ ಸುಣ್ಣ ಸವರಿ ಮಡಿಸಿದ ಬಗೆಯನ್ನು ಕಂಡು ಆ ವೃದ್ಧರು ಗಟ್ಟಿಯಾಗಿ ನಕ್ಕರು. ನಮ್ಮಿಬ್ಬರ ನಡುವೆ ಭಾಷೆಯಿರಲಿಲ್ಲ. ಆದರೂ ಆ ಕ್ಷಣದಿಂದ ನಾನು ಪರಕೀಯನಾಗಿ ಉಳಿಯಲಿಲ್ಲ.

ಅವರ ಮನೆಯಲ್ಲಿ ಆ ವೃದ್ಧ ದಂಪತಿಗಳಲ್ಲದೆ ಹಿರಿಯ ಮಗಳು ಇದ್ದಳು. ಆಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಇಂಗ್ಲಿಷ್ ಬಲ್ಲವಳಾದ್ದರಿಂದ ತಂದೆಯ ಮಾತುಗಳನ್ನು ನನಗೂ ನನ್ನ ಮಾತುಗಳನ್ನು ತಂದೆಗೂ ತಿಳಿಸುತ್ತಿದ್ದಳು. ನಾನು ಮಾಂಸವನ್ನೂ ಮದ್ಯವನ್ನೂ ಮುಟ್ಟುವುದಿಲ್ಲವೆಂದು ತಿಳಿದಾಗ ಮನೆಯವರು ಕ್ಷಣಕಾಲ ಚಿಂತೆಗೊಳಗಾದರು. ಅಲ್ಲಿ ಹಂದಿ, ಕೋಳಿಗಳಿಲ್ಲದೆ ಯಾವ ಶುಭಕಾರ್ಯವೂ ಇಲ್ಲ, ಅಕ್ಕಿಯ ಮದ್ಯವಿಲ್ಲದೆ ಆತಿಥ್ಯವೂ ಇಲ್ಲ. ಆದರೆ ಅದನ್ನೊಂದು ಅವಮಾನವೆಂದು ಭಾವಿಸದೆ, ಆ ತಾಯಿ ನನಗಾಗಿ ಬೇರೆ ಪಾತ್ರೆಯಲ್ಲಿ ಕೆಂಪಕ್ಕಿಯ ಅನ್ನ, ಬೇಯಿಸಿದ ಗೆಣಸು, ಸೊಪ್ಪು, ಹುರುಳಿಕಾಯಿಗಳನ್ನು ಸಿದ್ಧಪಡಿಸಿದಳು. ಬೆಳಿಗ್ಗೆ ನಾನು ಲಿಂಗಪೂಜೆಗೆ ಕುಳಿತಾಗ ಆ ವೃದ್ಧರು ದೂರದಲ್ಲಿ ಮೌನವಾಗಿ ಕುಳಿತು ನೋಡಿದರು. ಆಮೇಲೆ ಒಳಗಿನಿಂದ ಮರದಲ್ಲಿ ಕೆತ್ತಿದ ಒಂದು ಮೂರ್ತಿಯನ್ನು ತಂದು ತೋರಿಸಿದರು. ಅದು 'ಬುಲುಲ್', ಕಣಜವನ್ನು ಕಾಯುವ ದೇವತೆ. ಮನೆಯ ಮಕ್ಕಳು ಚರ್ಚಿಗೆ ಹೋಗುತ್ತಿದ್ದರು. ತಂದೆ ಮಾತ್ರ ಹಳೆಯ ಕ್ರಮವನ್ನು ಬಿಟ್ಟಿರಲಿಲ್ಲ.

ಇನ್ನು ಬೇಸಾಯದ ವಿಷಯಕ್ಕೆ ಬರೋಣ. ಅವರ ಭತ್ತಕ್ಕೆ 'ತಿನಾವೊನ್' ಎಂದು ಹೆಸರು, ಅಂದರೆ ವರ್ಷಕ್ಕೊಮ್ಮೆ ಬರುವುದು ಎಂದರ್ಥ. ವರ್ಷದ ಕೊನೆಯಲ್ಲಿ ಸಸಿಮಡಿ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ನಾಟಿ, ಜೂನ್ ಜುಲೈಗಳಲ್ಲಿ ಕೊಯ್ಲು. ನಾಟಿ, ಕಳೆ, ಕೊಯ್ಲುಗಳಲ್ಲಿ ಹೆಂಗಸರದೇ ಮುಖ್ಯ ಪಾತ್ರ. ಗೋಡೆ ಕಟ್ಟುವುದು, ಕಾಲುವೆ ರಿಪೇರಿ ಗಂಡಸರ ಪಾಲು. ಕುಡುಗೋಲಿನಿಂದ ಬುಡ ಕೊಯ್ಯುವುದಿಲ್ಲ. ಅಂಗೈಯಲ್ಲಿ ಅಡಗುವ ಸಣ್ಣ ಕತ್ತಿಯಿಂದ ತೆನೆತೆನೆಯನ್ನೇ ಕೊಯ್ದು ಸೂಡು ಕಟ್ಟುತ್ತಾರೆ. ಸೂಡುಗಳನ್ನು ನಾಲ್ಕು ಕಂಬಗಳ ಮೇಲೆ ನಿಂತ ಕಣಜದಲ್ಲಿಡುತ್ತಾರೆ. ಇಲಿ ಹತ್ತದಂತೆ ಕಂಬಗಳಿಗೆ ಮರದ ಬಳೆಗಳನ್ನು ತೊಡಿಸಿರುತ್ತಾರೆ. ಕೊಯ್ಲು ಮುಗಿದ ಮೇಲೆ 'ತುಂಗೊ' ಎಂಬ ವಿಶ್ರಾಂತಿಯ ದಿನ. ಅಂದು ಯಾರೂ ಗದ್ದೆಗೆ ಇಳಿಯುವಂತಿಲ್ಲ. ಬಳಿಕ ಗೋಡೆಯ ಮೇಲಿನ ಕಳೆಯನ್ನು ಕಿತ್ತು ಗದ್ದೆಯ ಕೆಸರಿನಲ್ಲಿಯೇ ಕೊಳೆಯಿಸುತ್ತಾರೆ. ಅದೇ ಮುಂದಿನ ಬೆಳೆಗೆ ಗೊಬ್ಬರ.

ಅಷ್ಟೆತ್ತರದ ಬೆಟ್ಟಕ್ಕೆ ನೀರು ಎಲ್ಲಿಂದ ಬರುತ್ತದೆಯೆಂದು ನಾನು ಕೇಳಿದೆನು. ಮಿತ್ರನು ಬೆಟ್ಟದ ತಲೆಯ ಮೇಲಿನ ಕಾಡನ್ನು ತೋರಿಸಿದನು. ಗದ್ದೆಗಳ ಮೇಲ್ಭಾಗದಲ್ಲಿ ಒಂದೊಂದು ಮನೆತನಕ್ಕೆ ಸೇರಿದ ಕಾಡಿದೆ. ಅದನ್ನು 'ಮುಯೋಂಗ್' ಎನ್ನುವರು. ಸೌದೆ, ಮನೆಯ ತೊಲೆ, ಹಣ್ಣು, ಅಡಿಕೆ, ಔಷಧಿ ಎಲ್ಲವೂ ಅಲ್ಲಿಂದಲೇ. ಆದರೆ ಅದರ ಮುಖ್ಯ ಕೆಲಸ ಮಳೆಯ ನೀರನ್ನು ಹೀರಿ ಹಿಡಿದು, ಒರತೆಯಾಗಿ ಸ್ವಲ್ಪ ಸ್ವಲ್ಪವೇ ಗದ್ದೆಗೆ ಬಿಡುವುದು. ಮೇಲಿನ ಗದ್ದೆ ತುಂಬಿ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಹೊಳೆಯವರೆಗೆ ನೀರು ಹರಿಯುತ್ತದೆ. ಗದ್ದೆಯನ್ನು ವರ್ಷವಿಡೀ ಒಣಗಲು ಬಿಡುವುದಿಲ್ಲ. ಒಣಗಿದರೆ ನೆಲ ಬಿರಿಯುತ್ತದೆ, ಬಿರುಕಿನಲ್ಲಿ ನೀರು ನುಗ್ಗಿದರೆ ಗೋಡೆ ಕುಸಿಯುತ್ತದೆ, ಒಂದು ಗೋಡೆ ಕುಸಿದರೆ ಅದರ ಕೆಳಗಿನವರ ಗದ್ದೆಗಳಿಗೂ ಆಪತ್ತು. ಆದ್ದರಿಂದ ತನ್ನ ಗದ್ದೆಯನ್ನು ಅಲಕ್ಷಿಸುವವನು ನೆರೆಯವನಿಗೂ ಅಪರಾಧಿಯಾಗುತ್ತಾನೆ. ನಮ್ಮ ಊರಿನ ನೀರಗಂಟಿ ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದನು.

ಕೆಲಸಕ್ಕೆ ಕೂಲಿಯಾಳುಗಳ ಪದ್ಧತಿ ಹಿಂದೆ ಅಷ್ಟಾಗಿ ಇರಲಿಲ್ಲ. ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಇದಕ್ಕೆ ಅವರಲ್ಲಿ 'ಉಬ್ಬು' ಎಂದು ಹೆಸರು. ನಮ್ಮ ಮುಯ್ಯಾಳಿನ ಪದ್ಧತಿಯಲ್ಲದೆ ಇದು ಬೇರೆಯಲ್ಲ. ಗೋಡೆ ಕುಸಿದಾಗ ಅಥವಾ ಸಾವು ಸಂಭವಿಸಿದಾಗ ಪ್ರತಿಫಲದ ಲೆಕ್ಕವಿಲ್ಲದೆ ಊರಿನವರು ನೆರವಾಗುವುದಕ್ಕೆ 'ಬದ್ದಾಂಗ್' ಎನ್ನುವರು. ಹಾಗೆಂದು ಅಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ತಿಳಿಯಬಾರದು. ಗದ್ದೆಯುಳ್ಳವರು 'ಕದಂಗ್ಯಾನ್' ಎನಿಸಿದ ಸಿರಿವಂತರು, ಅವರ ಊಟ ಅನ್ನ. ಗದ್ದೆಯಿಲ್ಲದ ಬಡವರ ಊಟ ಗುಡ್ಡದ ಗೆಣಸು. ಕಾಯಕಜೀವಿಗಳ ನಾಡಿನಲ್ಲಿಯೂ ಉಣ್ಣುವ ಅನ್ನದಿಂದ ಮನುಷ್ಯನನ್ನು ಅಳೆಯುತ್ತಿದ್ದುದನ್ನು ಕೇಳಿ ನನಗೆ ಖೇದವಾಯಿತು.

ಕೊಯ್ಲಿನ ಗದ್ದೆಯಲ್ಲಿ ಹೆಂಗಸರು ಹಾಡುತ್ತಿದ್ದರು. ಒಬ್ಬ ಮುದುಕಿ ಒಂದು ಸಾಲನ್ನು ಎತ್ತಿಕೊಡುವಳು, ಉಳಿದವರು ಅದನ್ನು ಪೂರ್ತಿಗೊಳಿಸುವರು. ಅದೇ 'ಹುದ್‌ಹುದ್' ಎಂಬ ಅವರ ಮಹಾಕಥನ. ಅಲಿಗುಯೋನ್ ಎಂಬ ವೀರನೂ ಬುಗಾನ್ ಎಂಬ ನಾಯಿಕೆಯೂ ಅದರಲ್ಲಿ ಪ್ರಸಿದ್ಧರು. ಒಟ್ಟು 200ಕ್ಕೂ ಹೆಚ್ಚು ಕಥನಗಳು, ಒಂದೊಂದಕ್ಕೂ 40 ಭಾಗಗಳು. ಒಂದನ್ನು ಪೂರ್ತಿ ಹಾಡಲು ಹಲವು ದಿನಗಳು ಬೇಕು. ಮಾದಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡುವ ನಮ್ಮ ಕಂಸಾಳೆಯವರನ್ನು ಬಲ್ಲವರಿಗೆ ಇದು ಅತಿಶಯೋಕ್ತಿಯೆನಿಸದು. ಯುನೆಸ್ಕೊ ಸಂಸ್ಥೆಯು 2001ರಲ್ಲಿ ಇದನ್ನು ಮಾನವಕುಲದ ಅಮೂಲ್ಯ ಪರಂಪರೆಯೆಂದು ಘೋಷಿಸಿತು.

ಕೊನೆಯ ದಿನ ಸಾಯಂಕಾಲ ನಡೆದ ಒಂದು ಸಂಭಾಷಣೆಯೇ ಈ ಲೇಖನಕ್ಕೆ ಮೂಲ. ಅವರಲ್ಲಿ ಪಿತ್ರಾರ್ಜಿತ ಗದ್ದೆಯನ್ನು ನಮ್ಮಂತೆ ಸಹೋದರರು ಹಂಚಿಕೊಳ್ಳುವುದಿಲ್ಲ. ಹೆಣ್ಣಾಗಲಿ ಗಂಡಾಗಲಿ, ಮುಖ್ಯವಾದ ಗದ್ದೆಯೂ ಅದಕ್ಕೆ ಸೇರಿದ ಕಾಡೂ ಹಿರಿಯ ಮಗುವಿಗೆ. ತುಂಡು ತುಂಡಾದರೆ ಗದ್ದೆ ಬಾಳುವುದಿಲ್ಲವೆಂಬುದು ಅದರ ಹಿಂದಿನ ವಿವೇಕ. ಆದರೆ ಆ ಸೊತ್ತು ಭೋಗಕ್ಕಲ್ಲ, ಕಾಪಾಡುವುದಕ್ಕೆ. ಕಿರಿಯರು ಕಷ್ಟದಲ್ಲಿ ಬಂದರೆ ಹಿರಿಯ ಮಗುವೇ ಆಸರೆ. ನನ್ನ ಮಿತ್ರನು ಕಿರಿಯನಾದ್ದರಿಂದ ನೌಕರಿ ಹುಡುಕಿ ಬಯಲಿಗಿಳಿದಿದ್ದನು. ಗದ್ದೆ ಅಕ್ಕನ ಪಾಲಿಗೆ ಬಂದಿತ್ತು. ಶಾಲೆ ಬಿಟ್ಟ ಮೇಲೆ ಆಕೆ ಗದ್ದೆಗಿಳಿಯುತ್ತಿದ್ದಳು.

ಆ ವೃದ್ಧರು ಮಗಳ ಮೂಲಕ ನನ್ನನ್ನು ಕೇಳಿದರು: "ನೀನು ಎಷ್ಟನೆಯ ಮಗ?"

"ಹಿರಿಯ ಮಗ" ಎಂದೆನು.

"ಹಾಗಾದರೆ ಗದ್ದೆ ನಿನ್ನದು. ಈಗ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?"

ನಾನು ತಡೆದು, "ತಮ್ಮ ನೋಡಿಕೊಳ್ಳುತ್ತಿದ್ದಾನೆ" ಎಂದೆನು. ಅದು ಸುಳ್ಳು. ನಮ್ಮ ತಂದೆಯವರು ತೀರಿಕೊಂಡ ಮರುವರ್ಷವೇ ಪಾಲಾಗಿತ್ತು. ತಮ್ಮನು ತನ್ನ ಪಾಲನ್ನು ಮಾರಿ ಪಟ್ಟಣ ಸೇರಿದ್ದನು. ನನ್ನ ಪಾಲಿನ ಎರಡು ಎಕರೆ ಗುತ್ತಿಗೆಗೆ ಹೋಗಿತ್ತು, ಅದರ ಕಡೆಗೆ ನಾನು ತಿರುಗಿ ನೋಡಿ ಮೂರು ವರ್ಷಗಳಾಗಿದ್ದವು. ಭತ್ತದ ಬೇಸಾಯವನ್ನು ಇತರರಿಗೆ ಬೋಧಿಸಲು ಸರ್ಕಾರದಿಂದ ಸಂಬಳ ಪಡೆಯುತ್ತಿದ್ದ ನಾನು, ನನ್ನ ಗದ್ದೆಯ ಬದುವಿನ ಸ್ಥಿತಿಯೇನೆಂದು ಹೇಳಲಾರದವನಾಗಿದ್ದೆನು. ಆ ವೃದ್ಧರು ನನ್ನ ಉತ್ತರವನ್ನು ನಂಬಿ, "ತಮ್ಮನಿಗೆ ಒಳ್ಳೆಯದಾಗಲಿ" ಎಂದು ಹರಸಿದರು. ಆ ಹರಕೆ ನನ್ನನ್ನು ಬಹುಕಾಲ ಚುಚ್ಚಿತು.

ಕಾಲ ಉರುಳಿತು. 1995ರಲ್ಲಿ ಯುನೆಸ್ಕೊ ಸಂಸ್ಥೆಯು ಇಫುಗಾವೊ ಪ್ರಾಂತದ ಐದು ಗದ್ದೆ ಸಮೂಹಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬನಾವೆಗೆ ಸೇರಿದ ಬತಾದ್ ಮತ್ತು ಬಂಗಾನ್ ಅವುಗಳಲ್ಲಿ ಎರಡು. 2010ರಲ್ಲಿ ಹೊರಬಂದ 20 ಪೆಸೊ ನೋಟಿನ ಮೇಲೆ ಬನಾವೆಯ ಗದ್ದೆಗಳ ಚಿತ್ರ ಅಚ್ಚಾಯಿತು. ಇವೆಲ್ಲವನ್ನೂ ನಾನು ಇಲ್ಲಿಯೇ ಓದಿ ಸಂತೋಷಪಟ್ಟೆನು. ಆದರೆ 2001ರಲ್ಲಿ ಅದೇ ಗದ್ದೆಗಳು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿದುವೆಂಬ ಸುದ್ದಿಯೂ ಬಂದಿತು. ನೋಡಿಕೊಳ್ಳುವವರಿಲ್ಲದೆ ಗೋಡೆಗಳು ಕುಸಿಯುತ್ತಿದ್ದವು. ಜೀರ್ಣೋದ್ಧಾರದ ಕೆಲಸ ನಡೆದು 2012ರಲ್ಲಿ ಅವು ಆ ಪಟ್ಟಿಯಿಂದ ಹೊರಬಂದವು.

ನಿವೃತ್ತನಾದ ಬಳಿಕ 2017ರ ಜುಲೈ ತಿಂಗಳಿನಲ್ಲಿ, ಮೂವತ್ತು ವರ್ಷಗಳ ಅನಂತರ, ನಾನು ಮತ್ತೊಮ್ಮೆ ಬನಾವೆಗೆ ಹೋದೆನು. ಪೇಟೆ ಬೆಳೆದಿತ್ತು. ನಾಲ್ಕೈದು ಅಂತಸ್ತಿನ ಕಟ್ಟಡಗಳು ಕಣಿವೆಯ ಅಂಚಿನಲ್ಲಿ ನಿಂತಿದ್ದವು. ಹುಲ್ಲು ಹೊದಿಸಿದ ಮನೆಗಳು ಅಪರೂಪವಾಗಿ, ಎಲ್ಲೆಲ್ಲಿಯೂ ತಗಡು ಹೊಳೆಯುತ್ತಿತ್ತು. ವೃದ್ಧ ದಂಪತಿಗಳು ಕಾಲವಾಗಿದ್ದರು. ಮಿತ್ರನು ಬಯಲಿನ ಊರಿನಲ್ಲಿಯೇ ನೆಲೆಸಿದ್ದನು. ಅಕ್ಕ ಮಾತ್ರ ಅಲ್ಲಿಯೇ ಇದ್ದರು, ಆಗತಾನೆ ನಿವೃತ್ತರಾಗಿದ್ದರು. ಹಿರಿಯ ಮಗ ಹಡಗಿನಲ್ಲಿ ನಾವಿಕ, ಮಗಳು ಪರದೇಶದಲ್ಲಿ ದಾದಿ. ಇಬ್ಬರೂ ತಿಂಗಳು ತಿಂಗಳೂ ಹಣ ಕಳುಹಿಸುತ್ತಾರೆ, ಆದರೆ ಗೋಡೆಗೆ ಕಲ್ಲು ಹೊರಲು ಬರುವುದಿಲ್ಲ.

ಆಕೆಯೊಡನೆ ಗದ್ದೆಗೆ ಹೋದೆನು. ಮೇಲಿನ ಎರಡು ಗದ್ದೆಗಳು ಕುಸಿದು, ಕೆಂಪು ಮಣ್ಣು ಗಾಯದಂತೆ ತೆರೆದುಕೊಂಡಿತ್ತು. ಮೂಲ ಕಾರಣ ಒಂದೇ ಅಲ್ಲವೆಂದು ಆಕೆ ವಿವರಿಸಿದರು. ಪ್ರವಾಸಿಗಳಿಗೆ ಮಾರುವ ಮರದ ಬೊಂಬೆಗಳಿಗಾಗಿ ಕಾಡಿನ ಮರಗಳು ಹೋದವು, ಒರತೆ ಬತ್ತಿತು. 1980ರ ದಶಕದಲ್ಲಿ ಆಹಾರಕ್ಕೆಂದು ಹೊರದೇಶದಿಂದ ತಂದ ಬಸವನಹುಳು ಗದ್ದೆಗಳಿಗೆ ಹಬ್ಬಿ ಎಳೆಯ ಸಸಿಗಳನ್ನು ಮೇಯತೊಡಗಿತು. ದೊಡ್ಡ ಎರೆಹುಳುಗಳು ಗದ್ದೆಯ ತಳವನ್ನು ಕೊರೆದು ನೀರು ಸೋರುವಂತೆ ಮಾಡಿದವು. ಇವೆಲ್ಲಕ್ಕಿಂತ ಮಿಗಿಲಾಗಿ ಕೈಗಳೇ ಇಲ್ಲವಾದವು. ಗದ್ದೆಯ ಭತ್ತ ವರ್ಷಪೂರ್ತಿ ಮನೆಗೆ ಸಾಲದು, ಬಯಲಿನ ಅಕ್ಕಿಯನ್ನು ಕೊಂಡು ತರಲೇಬೇಕು. ಹೀಗಿರುವಾಗ ಓದಿದ ಮಕ್ಕಳು ಏಕೆ ನಿಲ್ಲುತ್ತಾರೆ?

ನಾನು ಆಕೆಯನ್ನು ನೇರವಾಗಿ ಕೇಳಿದೆನು: "ನೀವು ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದಿರಿ. ಅವರನ್ನು ಇಲ್ಲಿಂದ ಹೊರಡಿಸಿದವರು ನೀವೇ ಅಲ್ಲವೆ?"

ಆಕೆ ಬೇಸರಪಡಲಿಲ್ಲ. "ಹೌದು" ಎಂದರು. "ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದೇನೆ. ಆದರೆ ನನ್ನ ತಂದೆ ಹಂದಿಗಳನ್ನು ಮಾರಿ ನನ್ನನ್ನು ಓದಿಸಿದರು. ಬೇರೆಯವರ ಮಕ್ಕಳಿಗೆ ಓದಬೇಡಿರೆಂದು ನಾನು ಹೇಗೆ ಹೇಳಲಿ? ನಮ್ಮ ತಪ್ಪು ಓದಿಸಿದ್ದಲ್ಲ. ಗದ್ದೆಯ ಕೆಲಸ ಓದದವರಿಗೆ ಎಂಬ ಭಾವನೆ ತರಗತಿಯಲ್ಲಿ ಬೆಳೆಯುತ್ತಿದ್ದಾಗ ಸುಮ್ಮನಿದ್ದದ್ದು ತಪ್ಪು." ತಮ್ಮ ಪಿಂಚಣಿಯಿಂದ ಪ್ರತಿ ವರ್ಷ ಒಂದಿಷ್ಟು ಮಾರು ಗೋಡೆಯನ್ನು ಅವರು ಕಟ್ಟಿಸುತ್ತಿದ್ದರು. ಕಲ್ಲು ಕೂಡಿಸುವ ಹಿರಿಯರು ಊರಿನಲ್ಲಿ ಕೆಲವರೇ ಉಳಿದಿದ್ದರು. ಅವರ ಜೊತೆಗೆ ಶಾಲೆಯ ಎಂಟು ಹತ್ತು ಮಕ್ಕಳನ್ನು ಶನಿವಾರ ಶನಿವಾರ ಕರೆತರುತ್ತಿದ್ದರು. ಮಕ್ಕಳು ಕಲ್ಲು ಆಯ್ದುಕೊಡುತ್ತ ಯಾವ ಕಲ್ಲಿನ ಮೇಲೆ ಯಾವುದು ಕೂಡುವುದೆಂದು ಕಲಿಯುತ್ತಿದ್ದರು. ಹುದ್‌ಹುದ್ ಹಾಡುಗಳನ್ನು ಶಾಲೆಗಳಲ್ಲಿಯೂ ಕಲಿಸತೊಡಗಿದ್ದರೆಂದು ಆಕೆ ಹೇಳಿದರು. 2012ರಿಂದ ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಯಲ್ಲಿಯೇ ಪಾಠ ನಡೆಯುತ್ತಿದ್ದುದರಿಂದ ಆಕೆಗೆ ಬಹಳ ಭರವಸೆಯಿತ್ತು. 2024ರ ಹೊಸ ಕಾಯಿದೆಯೊಂದು ಆ ಕಡ್ಡಾಯವನ್ನು ತೆಗೆದುಹಾಕಿತೆಂದು ಈಚೆಗೆ ಓದಿದಾಗ ನನಗೆ ಆಕೆಯ ಮುಖವೇ ನೆನಪಿಗೆ ಬಂದಿತು. ಮಾತೃಭಾಷೆಯ ಪ್ರಶ್ನೆ ನಮಗೂ ಹೊಸತಲ್ಲವಷ್ಟೆ.

ಈ ಗದ್ದೆಗಳು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ಮೊದಲು ವಿದ್ವಾಂಸರು ಹೇಳುತ್ತಿದ್ದರು. ಈಚಿನ ಉತ್ಖನನಗಳನ್ನು ನಡೆಸಿದ ಸ್ಟೀಫನ್ ಅಕಬಾದೊ ಅವರ ಅಭಿಪ್ರಾಯದಲ್ಲಿ ಸುಮಾರು ನಾನೂರು ವರ್ಷಗಳ ಹಿಂದೆ, ಸ್ಪೇನಿನವರ ಕೈಗೆ ಸಿಲುಕದೆ ಬೆಟ್ಟ ಸೇರಿದ ಜನರು ಇವನ್ನು ಭತ್ತದ ಗದ್ದೆಗಳಾಗಿ ವಿಸ್ತರಿಸಿದರು. ನಾನು ಇದನ್ನು ಹೇಳಿದಾಗ ಆಕೆ, "ನಾನೂರೇ ಆದರೆ ಇನ್ನೂ ಒಳ್ಳೆಯದು. ಅಷ್ಟು ಬೇಗ ಕಟ್ಟಿದವರ ಮೊಮ್ಮಕ್ಕಳಿಗೆ ಕುಸಿದದ್ದನ್ನು ಕಟ್ಟುವುದು ಅಸಾಧ್ಯವಲ್ಲ" ಎಂದರು.

ಹೊರಡುವ ದಿನ ನಾನು 1987ರ ಸುಳ್ಳನ್ನು ಆಕೆಗೆ ಒಪ್ಪಿಸಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಯಾರು ನೋಡಿಕೊಳ್ಳುತ್ತಿದ್ದಾರೆ?" ಎಂದು ತಂದೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಆಗ ಗುತ್ತಿಗೆದಾರನೂ ಬಿಟ್ಟು ಹೋಗಿ ಗದ್ದೆ ಬೀಳು ಬಿದ್ದಿತ್ತು. ನಾನು ಈ ಬಾರಿ ನಿಜವನ್ನೇ ಹೇಳಿದೆನು.

ವಾಚಕರೇ, ನಾವು ಈ ಶಾಲೆಯಲ್ಲಿ ಓದಿದ್ದು ಯಾರ ಅನ್ನದಿಂದ? ಶ್ರೀಮಠದ ಜೋಳಿಗೆಗೆ ಬಿದ್ದ ದವಸ ನಮ್ಮ ತಂದೆತಾಯಿಗಳಂತಹ ರೈತರು ಬೆಳೆದದ್ದು. ಆ ದಾಸೋಹದಿಂದ ಬೆಳೆದ ನಾವು ಅಧಿಕಾರಿಗಳಾದೆವು, ಅಧ್ಯಾಪಕರಾದೆವು, ವೈದ್ಯರಾದೆವು, ಇದು ಹೆಮ್ಮೆಯ ವಿಷಯವೇ. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳೂ ನಮ್ಮಲ್ಲಿದ್ದಾರೆ. ಆದರೆ ನಾವು ಬಿಟ್ಟು ಬಂದ ಹೊಲಗದ್ದೆಗಳ ಬದುಗಳು ಕಿತ್ತುಹೋಗಿ, ಕೆರೆಯ ತೂಬುಗಳು ಮುಚ್ಚಿಹೋಗಿವೆ. ಕಾಯಕವೆಂಬ ಮಾತನ್ನು ವೇದಿಕೆಯಿಂದ ಎಷ್ಟು ಬಾರಿ ಹೇಳಿದ್ದೇವೆಯೋ ಅಷ್ಟು ಬಾರಿ ಗದ್ದೆಗೆ ಇಳಿದಿದ್ದೇವೆಯೆ? ಈ ಪ್ರಶ್ನೆಯನ್ನು ನಾನು ಇತರರಿಗಿಂತ ಮೊದಲು ನನಗೇ ಕೇಳಿಕೊಳ್ಳಬೇಕಾಗಿತ್ತು.

ಬನಾವೆಯಿಂದ ಬಂದ ಮರುವರ್ಷ ಬೇಸಿಗೆಯಲ್ಲಿ ನನ್ನ ಎರಡು ಎಕರೆಯ ಜಾಲಿಯನ್ನು ಕಡಿಸಿ, ಬದುವಿಗೆ ಕಲ್ಲು ಕಟ್ಟಿಸಿದೆನು. ಕೆಲಸ ಬಲ್ಲ ಒಬ್ಬ ಮುದುಕನನ್ನು ಹುಡುಕಲು ಮೂರು ಹಳ್ಳಿ ತಿರುಗಬೇಕಾಯಿತು. ಪ್ರಸಾದ ನಿಲಯದ ಕೆಲವು ಹುಡುಗರು ಭಾನುವಾರಗಳಲ್ಲಿ ಬಂದು ಕಲ್ಲು ಎತ್ತಿಕೊಟ್ಟರು. ಈಗ ಅಲ್ಲಿ ಅರ್ಧ ಎಕರೆಯಲ್ಲಿ ಗಂಧಸಾಲೆ, ಉಳಿದುದರಲ್ಲಿ ಹೊಸ ತಳಿಗಳು ಬೆಳೆಯುತ್ತಿವೆ. ಲಾಭವೇನೂ ಹೆಚ್ಚಿಲ್ಲ, ಎರಡು ವರ್ಷ ನಷ್ಟವೂ ಆಯಿತು. ಆದರೂ ಬೆಳೆದದ್ದರಲ್ಲಿ ಒಂದು ಪಾಲು ಪ್ರತಿ ಸುಗ್ಗಿಯಲ್ಲಿ ನಿಲಯದ ಕಣಜಕ್ಕೆ ಬರುತ್ತಿದೆ. ಆ ಭೂಮಿಯನ್ನು ಮಕ್ಕಳ ಬೇಸಾಯದ ಪಾಠಕ್ಕಾಗಿ ಉಪಯೋಗಿಸಿಕೊಳ್ಳಬೇಕೆಂದು ಪೂಜ್ಯ ಶ್ರೀಗಳವರಲ್ಲಿ ಬಿನ್ನವಿಸಿಕೊಂಡಿದ್ದೇನೆ, ಅವರು ಸಮ್ಮತಿಸಿರುವರು. ನನ್ನಂತೆ ಊರಿನಲ್ಲಿ ಭೂಮಿಯುಳ್ಳ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಅದನ್ನು ಹೋಗಿ ನೋಡಿ, ಒಂದು ಮಾರು ಬದುವನ್ನಾದರೂ ಕಟ್ಟಿಸಬೇಕೆಂಬುದು ನನ್ನ ಪ್ರಾರ್ಥನೆ.

ಕಳೆದ ಸುಗ್ಗಿಯಲ್ಲಿ ಕಟ್ಟಿದ ಬದುವಿನ ಚಿತ್ರವೊಂದನ್ನು ಬನಾವೆಯ ಆ ಸೋದರಿಗೆ ಕಳುಹಿಸಿದೆನು. ಅವರಿಂದ ಒಂದೇ ಸಾಲಿನ ಉತ್ತರ ಬಂದಿತು: "ನಡುವಿನ ಕಲ್ಲುಗಳು ಸರಿಯಾಗಿ ಕೂತಿಲ್ಲ, ಮಳೆಗೆ ಮೊದಲು ಬಿಚ್ಚಿ ಮತ್ತೆ ಕಟ್ಟಿಸಿರಿ." ಹಾಗೆಯೇ ಮಾಡಿಸಿದ್ದೇನೆ. ನಮ್ಮ ವಿದ್ಯಾಸಂಸ್ಥೆಯು ಶ್ರೀಗಳವರ ಕೃಪಾಶೀರ್ವಾದದಿಂದ ನೂರ್ಕಾಲ ಬಾಳಲಿ, ಅದರ ಮಕ್ಕಳ ಕೈಗೆ ಪುಸ್ತಕವೂ ಹಾರೆಯೂ ಸಮಾನವಾಗಿ ಒಗ್ಗಲಿ ಎಂದು ಹಾರೈಸಿ ವಿರಮಿಸುತ್ತೇನೆ.